ಜಪಾನ್ ಮತ್ತು ಕೊರಿಯಾದ ಚಿತ್ರಗಳನ್ನು ಹೋಲಿಸಿ ಪ್ರಬಂಧ ಬರೆಯುತ್ತಿದ್ದೇನೆ. ಯಾವುದು ಅಸಲು, ಯಾವುದು ನಕಲು ಎಂದು ನಿರ್ಧರಿಸುವುದು ಹೇಗೆ?

ಇದೇ ಪ್ರಶ್ನೆಯನ್ನು ಹಿಡಿದು ನಾನೂ ಎಂ.ಎ. ಕಿರುಪ್ರಬಂಧ ಬರೆದಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಅದನ್ನು ಸಮರ್ಥಿಸಿಕೊಳ್ಳಲಾಗದೆ ಆರು ತಿಂಗಳು ಕಳೆದುಕೊಂಡೆ.

ನಾನು ಆರಿಸಿಕೊಂಡದ್ದು ಜಪಾನಿನ ನಿರ್ದೇಶಕ ಹಿದೆಯೊ ನಕಾತಾ ಅವರ ಪ್ರೇತಕಥೆಯ ಚಿತ್ರ ‘ರಿಂಗು’ (1998) ಮತ್ತು ಕೊರಿಯಾದ ‘ದಿ ರಿಂಗ್ ವೈರಸ್’ (1999). ಎರಡನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿ, ಹೋಲುವ ದೃಶ್ಯಗಳನ್ನು ಅಕ್ಕಪಕ್ಕದ ಕಾಲಂಗಳಲ್ಲಿ ಬರೆದೆ. ಪಟ್ಟಿ ಬೆಳೆದಂತೆಲ್ಲ ಕೊರಿಯಾದ್ದು ಕದ್ದ ಸರಕೆಂಬ ನನ್ನ ವಾದ ಗಟ್ಟಿಯಾಗುತ್ತಿದೆಯೆಂದು ನಂಬಿದೆ. ಎರಡೂ ಚಿತ್ರಗಳ ಹಿಂದಿದ್ದ ಕೋಜಿ ಸುಜುಕಿಯವರ 1991ರ ಕಾದಂಬರಿಯನ್ನು ಮಾತ್ರ ಓದಲಿಲ್ಲ. ಅದರ ಇಂಗ್ಲಿಷ್ ಅನುವಾದ ಸಿಗುತ್ತಿತ್ತು. ಸಿನಿಮಾದ ಪ್ರಬಂಧಕ್ಕೆ ಕಾದಂಬರಿ ಏಕೆ ಎಂದುಕೊಂಡಿದ್ದೆ. ನನ್ನನ್ನು ಮುಳುಗಿಸಿದ್ದು ಈ ಒಂದು ಉದಾಸೀನ. ಪ್ರೇತವಾಗುವ ಹೆಣ್ಣು, ಗಂಡು-ಹೆಣ್ಣು ಎರಡರ ದೇಹಲಕ್ಷಣಗಳೊಂದಿಗೆ ಹುಟ್ಟಿದವಳೆಂಬ ಸಂಗತಿ ಕಾದಂಬರಿಯಲ್ಲಿದೆ, ಕೊರಿಯಾದ ಚಿತ್ರದಲ್ಲಿಯೂ ಇದೆ, ನಕಾತಾ ಅವರ ಚಿತ್ರದಲ್ಲಿಲ್ಲ. ಅದನ್ನು ನಾನು ‘ಕೊರಿಯಾದವರು ಅನಗತ್ಯವಾಗಿ ಸೇರಿಸಿದ್ದು’ ಎಂದು ಬರೆದಿದ್ದೆ. ಟಿ.ವಿ.ಯೊಳಗಿಂದ ಪ್ರೇತ ತೆವಳಿ ಬರುವ ದೃಶ್ಯವಾದರೋ ಕಾದಂಬರಿಯಲ್ಲಿಲ್ಲ. ಕೊರಿಯಾದ ಚಿತ್ರಕ್ಕೆ ಅದು ನಕಾತಾ ಅವರ ಚಿತ್ರದಿಂದಲೇ ಬಂದದ್ದು. ಹೀಗೆ ಒಂದೇ ಚಿತ್ರ ಎರಡು ಕಡೆಯಿಂದ ಪಡೆದಿರುವಾಗ, ಎರಡೇ ಕಾಲಂಗಳಿದ್ದ ನನ್ನ ಪಟ್ಟಿಯಲ್ಲಿ ಅದು ಕಾಣಿಸುವುದಾದರೂ ಹೇಗೆ?

ಪರೀಕ್ಷಕರು ಇದನ್ನು ತೋರಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: ಆ ಹೊತ್ತಿಗೆ ಕೊರಿಯಾದ ಪ್ರೇಕ್ಷಕರು ಜಪಾನಿನ ಚಿತ್ರವನ್ನು ಚಿತ್ರಮಂದಿರದಲ್ಲಿ ನೋಡಬಹುದಿತ್ತೇ? ನನ್ನಲ್ಲಿ ಉತ್ತರವಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಜಪಾನಿ ಚಿತ್ರಗಳ ಮೇಲೆ ದಶಕಗಳ ಕಾಲ ನಿಷೇಧವಿತ್ತು. ಅದು 1998ರ ಅಕ್ಟೋಬರಿನಿಂದ ಹಂತಹಂತವಾಗಿ ಸಡಿಲವಾಯಿತು, ಮೊದಲಿಗೆ ಮುಖ್ಯವಾಗಿ ದೊಡ್ಡ ಚಿತ್ರೋತ್ಸವಗಳ ಪ್ರಶಸ್ತಿ ಪಡೆದ ಚಿತ್ರಗಳಿಗೆ. ಹೀಗಾಗಿ ‘ರಿಂಗು’ಗಿಂತ ಮೊದಲೇ ‘ದಿ ರಿಂಗ್ ವೈರಸ್’ ಅಲ್ಲಿ ತೆರೆಕಂಡಿತು. ಕೊರಿಯಾದ ಸಾಮಾನ್ಯ ಪ್ರೇಕ್ಷಕನಿಗೆ ಅದು ನಕಲಲ್ಲ, ಆ ಕಥೆ ದೊಡ್ಡ ಪರದೆಯಲ್ಲಿ ಮೊದಲ ಸಲ ಕಂಡ ರೂಪ.

ಆದ್ದರಿಂದ ನೀವು ಕೇಳಿರುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹರಿವು ಒಂದೇ ದಿಕ್ಕಿನದೂ ಅಲ್ಲ. ಕೊರಿಯಾದ ‘ಸನ್ನಿ’ (2011) 2018ರಲ್ಲಿ ಜಪಾನಿನಲ್ಲಿ ಮರುನಿರ್ಮಾಣವಾಯಿತು. ಕೊರಿಯಾದ ಚಿತ್ರದಲ್ಲಿ ಎಂಬತ್ತರ ದಶಕದ ಶಾಲಾ ಹುಡುಗಿಯರ ಜಗಳ ಪ್ರತಿಭಟನಕಾರರು ಮತ್ತು ಪೊಲೀಸರ ಘರ್ಷಣೆಯ ನಡುವೆಯೇ ನಡೆಯುತ್ತದೆ. ಜಪಾನಿನ ಚಿತ್ರ ಆ ಹುಡುಗಿಯರನ್ನು ತೊಂಬತ್ತರ ದಶಕದ ಫ್ಯಾಷನ್ ಮತ್ತು ಪಾಪ್ ಸಂಗೀತದ ನಡುವೆ ತಂದು ನಿಲ್ಲಿಸುತ್ತದೆ. ಒಂದು ನಾಡು ತನ್ನ ಹರೆಯವನ್ನು ನೆನೆಯುವಾಗ ಬೀದಿಯ ಹೋರಾಟ ಏಕೆ ಬರುತ್ತದೆ, ಇನ್ನೊಂದಕ್ಕೆ ಹಾಡು ಏಕೆ ಬರುತ್ತದೆ ಎಂಬುದನ್ನು ಬರೆಯಿರಿ. ನೀವು ಆರಿಸಿದ ಚಿತ್ರಗಳಿಗೆ ಕಾದಂಬರಿಯೋ ಮಾಂಗಾವೋ (ಜಪಾನಿನ ಚಿತ್ರಕಥಾ ಪುಸ್ತಕ) ಆಧಾರವಾಗಿದ್ದರೆ, ಮೊದಲ ಅಧ್ಯಾಯ ಆರಂಭಿಸುವ ಮುನ್ನವೇ ಅದನ್ನು ಓದಿ ಮುಗಿಸಿ.