ಮಿಲ್ಲಿನ ಟ್ಯಾಲಿಗೆ ಮೂರು ಊರಿನ ಕೈ

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ರೈಸ್ ಮಿಲ್. ಸಿಂಧನೂರು, ಬಳ್ಳಾರಿಯಲ್ಲಿ ಒಂದೊಂದು ಆಫೀಸ್ ಇದೆ. ಲೆಕ್ಕ, ಬಿಲ್ಲಿನ ಸಾಫ್ಟ್‌ವೇರ್ ಟ್ಯಾಲಿ ಇರುವುದು ಮಿಲ್ಲಿನ ಕಂಪ್ಯೂಟರಿನಲ್ಲಿ ಮಾತ್ರ. ಎರಡೂ ಕಡೆಯ ಹುಡುಗರು ದೂರದಿಂದ ಇನ್ನೊಂದು ಕಂಪ್ಯೂಟರ್ ನಡೆಸುವ ಫ್ರೀ ಎನಿಡೆಸ್ಕ್ ಹಾಕಿಕೊಂಡು ಅದರೊಳಗೇ ಬರುತ್ತಾರೆ. ಒಬ್ಬ ಬಿಲ್ ಹಾಕುವಾಗ ಇನ್ನೊಬ್ಬ ಮೌಸ್ ಎಳೆಯುತ್ತಾನೆ. ದಿನಾ ಜಗಳ. ಯಾವ ಸಾಫ್ಟ್‌ವೇರ್ ತಗೊಳ್ಳಲಿ?

ಉತ್ತರ: ಎನಿಡೆಸ್ಕ್ ತೆಗೆದು ಟೀಮ್‌ವ್ಯೂವರ್ ಹಾಕಿದರೆ ಈ ಜಗಳ ನಿಲ್ಲುವುದಿಲ್ಲ ಸರ್. ಇವೆರಡೂ, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಕೂಡ, ದೂರದವರಿಗೆ ತೋರಿಸುವುದು ಅಲ್ಲಿರುವ ಅದೇ ಪರದೆಯನ್ನು. ಮೂವರು ಬಂದರೂ ಮೌಸ್ ಒಂದೇ ಅಲ್ವಾ? ಕಂಪ್ಯೂಟರ್ ಕೆಟ್ಟಾಗ ದೂರದಿಂದ ನೋಡಿ ಸರಿಮಾಡಲು ಇವು ಚೆನ್ನ. ದಿನವಿಡೀ ಕೂತು ಬಿಲ್ ಹಾಕಲಿಕ್ಕಲ್ಲ. ಮೇಲಾಗಿ ಎನಿಡೆಸ್ಕ್, ಟೀಮ್‌ವ್ಯೂವರ್ ಫ್ರೀ ಇರುವುದು ಸ್ವಂತ ಬಳಕೆಗೆ. ವ್ಯಾಪಾರಕ್ಕೆ ಬಳಸುತ್ತಿದ್ದೀರಿ ಅಂತ ಅನುಮಾನ ಬಂದರೆ ಕೆಲಸದ ನಡುವೆಯೇ ಕತ್ತರಿಸುತ್ತವೆ.

ವಿಂಡೋಸಿನಲ್ಲೇ ರಿಮೋಟ್ ಡೆಸ್ಕ್‌ಟಾಪ್ ಇದೆಯಲ್ಲ ಅಂತ ಯಾರಾದರೂ ಹೇಳಿರಬಹುದು. ಇದೆ. ಆದರೆ ಮಿಲ್ಲಿನ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಸಾಲದು. ಪ್ರೊನಲ್ಲೂ ಒಂದು ಸಲಕ್ಕೆ ಒಬ್ಬರೇ. ಅದೇ ಲಾಗಿನ್‌ನಲ್ಲಿ ಸಿಂಧನೂರಿನವನು ಒಳಗೆ ಬಂದನೋ, ಮಿಲ್ಲಿನ ಗುಮಾಸ್ತರ ಪರದೆ ಲಾಕ್!

ನಿಮಗೆ ಬೇಕಿರುವುದು ವಿಂಡೋಸ್ ಸರ್ವರ್. ಅದಕ್ಕೂ ಇದೇ ರಿಮೋಟ್ ಡೆಸ್ಕ್‌ಟಾಪ್‌ನಿಂದಲೇ ಬರುವುದು, ಆದರೆ ಪ್ರತಿಯೊಬ್ಬರಿಗೂ ಅವರದೇ ಲಾಗಿನ್, ಅವರದೇ ಪರದೆ. ಸರ್ವರಿನ ಲೈಸೆನ್ಸ್ ಜೊತೆಗೆ ತಲೆಗೊಂದರಂತೆ ರಿಮೋಟ್ ಲೈಸೆನ್ಸ್ ಬೇರೆ ಕೊಳ್ಳಬೇಕು, ಖರ್ಚು ಜಾಸ್ತಿಯೇ. ಟ್ಯಾಲಿಯೂ ಒಬ್ಬರೇ ಬಳಸುವ ಸಿಲ್ವರ್ ಲೈಸೆನ್ಸ್ ಆಗಿದ್ದರೆ, ಹಲವರು ಬಳಸುವ ಗೋಲ್ಡ್‌ಗೆ ಹೋಗಬೇಕು. ಹಾಗಾಗಿ ಮೊದಲು ಒಂದು ವಿಚಾರಿಸಿ: ಬಳ್ಳಾರಿಯವರು ನಿಜಕ್ಕೂ ಬಿಲ್ ಹಾಕುತ್ತಾರಾ, ಸುಮ್ನೆ ಸ್ಟಾಕು, ಬಾಕಿ ನೋಡುತ್ತಾರಾ? ನೋಡಲಷ್ಟೇ ಆದರೆ ಟ್ಯಾಲಿಯದ್ದೇ ರಿಮೋಟ್ ಸೌಲಭ್ಯ ಸಾಕು. ಒಂದು ಲೈಸೆನ್ಸಿನ ದುಡ್ಡು ಉಳಿಯಿತು.

ಇನ್ನೊಂದು ಮಾತನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಸರ್ವರ್ ಕೂರಿಸಲು ಬಂದವರು "ರೂಟರಿನಲ್ಲಿ 3389 ಪೋರ್ಟ್ ಓಪನ್ ಮಾಡ್ತೀನಿ, ಎಲ್ಲಿಂದ ಬೇಕಾದ್ರೂ ಬರಬಹುದು" ಅಂದರೆ ಬೇಡ ಅನ್ನಿ. ಈ 3389 ಅಂದರೆ ರಿಮೋಟ್ ಡೆಸ್ಕ್‌ಟಾಪ್ ಒಳಗೆ ಬರುವ ಬಾಗಿಲಿನ ನಂಬರು. ಎಲ್ಲಿಂದ ಬೇಕಾದರೂ ಅಂದರೆ ಕಳ್ಳರೂ ಬರಬಹುದು ಅಂತ. ಆ ಬಾಗಿಲನ್ನು ಹಗಲು ರಾತ್ರಿ ತಟ್ಟುತ್ತಲೇ ಇರುತ್ತಾರೆ. ಒಳಗೆ ಬಂದವರು ಫೈಲುಗಳಿಗೆಲ್ಲ ಬೀಗ ಜಡಿದು ಹಣ ಕೇಳುತ್ತಾರೆ. ಮೂರೂ ಊರಿನ ನಡುವೆ ವಿಪಿಎನ್, ಅಂದರೆ ನಿಮ್ಮವರಿಗಷ್ಟೇ ತೆರೆಯುವ ಖಾಸಗಿ ದಾರಿ, ಹಾಕಿಸಿ, ಅದರ ಮೂಲಕವೇ ಬರಲಿ. ಒಂದೇ ಪಾಸ್‌ವರ್ಡನ್ನು ಮೂವರೂ ಹಂಚಿಕೊಳ್ಳುವ ಅಭ್ಯಾಸ ಅಂದೇ ಬಿಡಿಸಿ.

ಪ್ರಿಂಟರಿನದೂ ಒಂದು ಕಿರಿಕಿರಿ ಇದೆ. ನಾನು ನೋಡಿದ ಒಂದು ಕಡೆ ಗೋಡೌನಿನಲ್ಲಿ ಲಾರಿ ಲೋಡಾಗಿ ನಿಂತಿತ್ತು. ಹುಡುಗ ಪ್ರಿಂಟ್ ಒತ್ತಿದ, ಬಿಲ್ ಬರಲಿಲ್ಲ. ಮತ್ತೆ ಮತ್ತೆ ಒತ್ತಿದ. ಆಮೇಲೆ ಮಿಲ್ಲಿನಿಂದ ಫೋನು: "ಇಲ್ಲಿ ಆರು ಕಾಪಿ ಬಂದಿದೆ, ಏನ್ ಮಾಡ್ಲಿ?" ಕನೆಕ್ಟ್ ಆಗುವ ಮೊದಲು ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯ ಲೋಕಲ್ ರಿಸೋರ್ಸಸ್‌ನಲ್ಲಿ ಪ್ರಿಂಟರ್ಸ್ ಟಿಕ್ ಮಾಡಿರಬೇಕು. ಆಗ ನಿಮ್ಮ ಮುಂದಿನ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಅದನ್ನೇ ಆರಿಸಿ.

ಸರ್ವರಿಗೆ ಯುಪಿಎಸ್ ಇಡಿ. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವಂತೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್) ಸೆಟ್ ಮಾಡಿಸಿ, ಇಲ್ಲದಿದ್ದರೆ ಭಾನುವಾರ ಬೀಗ ತೆಗೆಯಲು ಮಿಲ್ಲಿಗೆ ನೀವೇ ಓಡಬೇಕು. ಇಂಟರ್ನೆಟ್ ಹೋದರೆ ಅಷ್ಟು ಗಾಬರಿ ಬೇಡ. ಸರ್ವರ್ ಆನ್ ಇದ್ದರೆ, ಮತ್ತೆ ಕನೆಕ್ಟ್ ಆದಾಗ ಅರ್ಧ ಹೊಡೆದ ಬಿಲ್ ಹಾಗೇ ಇರುತ್ತದೆ.