ಆಲ್ಟರ್ನೇಟರ್ ಬದಲಿಸುವ ಮೊದಲು ಅರ್ತ್ ತಂತಿಯನ್ನು ನೋಡಿ

1997ರ ಮಾರುತಿ 800, ಎರಡೇ ತಿಂಗಳ ಹಿಂದೆ ಹಾಕಿಸಿದ ಬ್ಯಾಟರಿ. ಆದರೂ ರಾತ್ರಿ ಹೆಡ್‌ಲೈಟ್ ಮಂಕಾಗುತ್ತದೆ, ಬೆಳಿಗ್ಗೆ ಸ್ಟಾರ್ಟರ್ ನರಳುತ್ತದೆ. ಗ್ಯಾರೇಜಿನವರು ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಹೋಗಿದೆ ಎನ್ನುತ್ತಿದ್ದಾರೆ, ಬದಲಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಇವತ್ತೇ ಬದಲಿಸಬೇಡಿ. ಅವರು ಮೀಟರ್ ಹಿಡಿದು ನೋಡಿದರೋ ಇಲ್ಲವೋ ನೀವು ಬರೆದಿಲ್ಲ. ನೋಡದೆ ಹೇಳಿದ್ದರೆ ಅದು ಊಹೆ ಮಾತ್ರ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನನ್ನದೂ ಕಾರ್ಬುರೇಟರ್ ಕಾಲದ ಮಾರುತಿ 800, ಮಲೆನಾಡಿನ ಮಳೆಯಲ್ಲಿ ನೆನೆದು ಬೆಳೆದ ಗಾಡಿ. ಇದೇ ಲಕ್ಷಣಗಳು ಕಂಡಾಗ ಒಮ್ಮೆ ಬ್ಯಾಟರಿ ಬದಲಿಸಿದೆ, ಇನ್ನೊಮ್ಮೆ ಆಲ್ಟರ್ನೇಟರನ್ನು ರೀವೈಂಡಿಂಗ್ ಮಾಡಿಸಿದೆ. ಎರಡೂ ವ್ಯರ್ಥವಾದವು. ಕೊನೆಗೆ ವಯಸ್ಸಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿಸಿ, ಮೀಟರಿನ ಎರಡು ಕಡ್ಡಿ ಮುಟ್ಟಿಸಿ ತೋರಿಸಿದರು: ಆಲ್ಟರ್ನೇಟರಿನ ಮೇಲೆ 14.2 ವೋಲ್ಟ್, ಬ್ಯಾಟರಿಯ ಮೇಲೆ 13.0. ನಡುವೆ 1.2 ವೋಲ್ಟ್ ಎಲ್ಲಿ ಹೋಯಿತು? ಬ್ಯಾಟರಿಯ ನೆಗೆಟಿವ್‌ನಿಂದ ಇಂಜಿನ್ ಕಡೆಗೆ ಹೋಗುವ ಅರ್ತ್ ತಂತಿಯ ತುದಿಯಲ್ಲಿ. ಬೋಲ್ಟಿನ ಕೆಳಗೆ ತುಕ್ಕು, ತಂತಿಯೊಳಗೆ ಹಸಿರುಗಟ್ಟಿದ ತಾಮ್ರ. ಹೊರಗಿನಿಂದ ನೋಡಿದರೆ ತಂತಿ ಗಟ್ಟಿಯಾಗಿಯೇ ಕಾಣುತ್ತಿತ್ತು.

ಹಾಗಾಗಿ ಮೊದಲು ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ತೆಗೆದುಕೊಳ್ಳಿ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಚಾಲೂ ಮಾಡುವ ಮೊದಲೇ ಬ್ಯಾಟರಿಯನ್ನು ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಾದರೆ ಬಹುತೇಕ ಖಾಲಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಹೊರಗೆ ಚಾರ್ಜ್ ಮಾಡಿಸಿ ತನ್ನಿ, ಇಲ್ಲದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ.

ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟನ್ನು ಇಂಜಿನ್ ಬಂದ್ ಇದ್ದಾಗ ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಮಾರು ಒಂದು ಸೆಂಟಿಮೀಟರ್ ಬಗ್ಗಿದರೆ ಸರಿ. ಸಡಿಲವಾಗಿದ್ದರೆ, ಅಥವಾ ಅಂಚು ಕನ್ನಡಿಯಂತೆ ಹೊಳೆಯುತ್ತಿದ್ದರೆ ಲೈಟ್ ಹಾಕಿದಾಗ ಜಾರುತ್ತದೆ. ನಿಮ್ಮ ಕಾರಿನಲ್ಲಿ ಇಂಜಿನ್ನನ್ನು ತಂಪಾಗಿಡುವ ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುವುದರಿಂದ ಇದನ್ನು ಉದಾಸೀನ ಮಾಡುವಂತಿಲ್ಲ.

ಈಗ ಇಂಜಿನ್ ಚಾಲೂ ಮಾಡಿ. ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲವನ್ನೂ ಹಾಕಿ ಸ್ವಲ್ಪ ರೇಸ್ ಮಾಡಿಸಿದಾಗಲೂ 13.5ರ ಮೇಲೆ ನಿಲ್ಲಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕುದಿದು ನೀರು ಬತ್ತುತ್ತದೆ. ಕಡಿಮೆ ಬಂದರೆ ಮಾತ್ರ ಆಲ್ಟರ್ನೇಟರನ್ನು ಅನುಮಾನಿಸಿ, ಆದರೆ ತೀರ್ಪು ಕೊಡಬೇಡಿ. ಲೈಟ್‌ಗಳು ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಆಲ್ಟರ್ನೇಟರಿನ ಬರಿಯ ಲೋಹದ ಮೈಗೆ ಹಿಡಿಯಿರಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ ಎಂದೇ ಅರ್ಥ. ಹಾಗೆಯೇ ಆಲ್ಟರ್ನೇಟರ್ ಹಿಂಬದಿಯ ದಪ್ಪ ತಂತಿಯ ಬೋಲ್ಟಿನಿಂದ ಬ್ಯಾಟರಿಯ ಪಾಸಿಟಿವ್‌ಗೂ ಅಳೆಯಿರಿ, ಅಲ್ಲಿ 0.3ರೊಳಗಿರಲಿ. ತಿರುಗುವ ಬೆಲ್ಟಿನ ಪಕ್ಕದಲ್ಲೇ ಕೈ ಹೋಗುವುದರಿಂದ ತೋಳು ಮಡಚಿ, ಮೀಟರಿನ ತಂತಿಗಳನ್ನು ದೂರ ಹಿಡಿದುಕೊಳ್ಳಿ. ಕಡ್ಡಿಯನ್ನು ಟರ್ಮಿನಲ್ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ ಮುಟ್ಟಿಸಬೇಕು. ಎಷ್ಟೋ ಸಲ ತೊಂದರೆ ಇರುವುದು ಇವೆರಡರ ನಡುವಿನ ಬಿಳಿ ಹುಡಿಯಲ್ಲಿ. ಅದನ್ನು ಬಿಸಿನೀರು ಸುರಿದು ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದರೆ ಸಾಕು.

ಡ್ಯಾಷ್‌ಬೋರ್ಡಿನ ಬ್ಯಾಟರಿ ದೀಪವನ್ನೂ ಗಮನಿಸಿ. ಇಂಜಿನ್ ಚಾಲೂ ಮಾಡದೆ ಕೀ ತಿರುಗಿಸಿದಾಗ ಅದು ಉರಿಯಲೇಬೇಕು. ಉರಿಯದಿದ್ದರೆ ಜನ ಒಳ್ಳೆಯದೇ ಆಯಿತು ಎಂದುಕೊಳ್ಳುತ್ತಾರೆ, ಆದರೆ ವಿಷಯ ಉಲ್ಟಾ. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಆ ದೀಪದ ಮೂಲಕ ಹರಿಯುವ ಸಣ್ಣ ಕರೆಂಟೇ ಆಲ್ಟರ್ನೇಟರಿನ ರೋಟರಿಗೆ, ಅಂದರೆ ಒಳಗೆ ತಿರುಗುವ ಭಾಗಕ್ಕೆ, ಮೊದಲ ಕಾಂತಶಕ್ತಿಯನ್ನು ಕೊಡುತ್ತದೆ. ಬಲ್ಬ್ ಸುಟ್ಟಿದ್ದರೆ ಚೆನ್ನಾಗಿರುವ ಆಲ್ಟರ್ನೇಟರ್ ಕೂಡ ಚಾರ್ಜ್ ಮಾಡದೆ ಸುಮ್ಮನೆ ತಿರುಗುತ್ತಿರಬಹುದು. ಇಂಜಿನ್ ಓಡುವಾಗ ದೀಪ ಮಿಣಮಿಣ ಎನ್ನುತ್ತಿದ್ದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಮೇಲೆ ಕಣ್ಣಿಡಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಚಾರ್ಜ್ ಆಗುತ್ತಿದೆಯೇ ಎಂದು ನೋಡಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಬಿಚ್ಚುವವರಿದ್ದಾರೆ. ಅದು ಆಲ್ಟರ್ನೇಟರ್ ಬರುವ ಮೊದಲು ಕಾರುಗಳಲ್ಲಿದ್ದ ಡೈನಮೋ ಕಾಲದ ಅಭ್ಯಾಸ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡ್, ರೆಗ್ಯುಲೇಟರ್ ಸುಡಬಹುದು. ನಿಮ್ಮ ಕಾರಿಗೆ ಯಾರೇ ಕೈ ಹಾಕಿದರೂ ಇದಕ್ಕೆ ಬಿಡಬೇಡಿ.

ಎಲ್ಲ ಅಳತೆಯೂ ಸರಿ ಬಂದು ಬೆಳಿಗ್ಗೆ ಮಾತ್ರ ಬ್ಯಾಟರಿ ಇಳಿದಿದ್ದರೆ ಕರೆಂಟ್ ಎಲ್ಲೋ ಸೋರುತ್ತಿದೆ. ಎಲ್ಲವನ್ನೂ ಬಂದ್ ಮಾಡಿ, ನೆಗೆಟಿವ್ ತಂತಿ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಬಿಚ್ಚಿದ ತಂತಿಗೂ ನೆಗೆಟಿವ್ ಕಂಬಕ್ಕೂ ನಡುವೆ ಸೇರಿಸಿ. ಆಗ ಕೀ ತಿರುಗಿಸಬಾರದು. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ಆಂಪಿಯರ್ ಇದ್ದರೆ ದಿನಕ್ಕೆ 12 ಆಂಪಿಯರ್-ಅವರ್ ಹೋಗುತ್ತದೆ. 35 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ ಮೂರು ದಿನ ತಾಳುವುದಿಲ್ಲ. ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ, ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೋ ಸೋರಿಕೆ ಆ ದಾರಿಯಲ್ಲೇ. ಕಾರು ಕೊಂಡ ಮೇಲೆ ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ ಇದ್ದರೆ ಅದರಿಂದಲೇ ಶುರು ಮಾಡಿ.

ನಿಜವಾಗಿ ಆಲ್ಟರ್ನೇಟರೇ ಕೆಟ್ಟಿದ್ದರೂ ಇಡೀ ಘಟಕವನ್ನು ಎಸೆಯಬೇಕಾಗಿಲ್ಲ. ಈ ವಯಸ್ಸಿನ ಕಾರಿನಲ್ಲಿ ಬಹಳ ಸಲ ಸವೆದಿರುವುದು ರೋಟರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್. ಅದನ್ನಷ್ಟೇ ಬದಲಿಸಿಕೊಡಬಲ್ಲ ಆಟೋ ಎಲೆಕ್ಟ್ರಿಷಿಯನ್‌ಗಳು ನಮ್ಮ ಸಣ್ಣ ಊರುಗಳಲ್ಲಿ ಇನ್ನೂ ಇದ್ದಾರೆ.

ಬೆಳಗಿನ ಬ್ಯಾಟರಿ ವೋಲ್ಟೇಜ್, ಲೈಟ್ ಹಾಕಿ ಓಡಿಸಿದಾಗಿನ ವೋಲ್ಟೇಜ್, ಅರ್ತ್ ಬದಿಯದು, ಪಾಸಿಟಿವ್ ಬದಿಯದು: ಈ ನಾಲ್ಕು ಅಂಕಿಗಳನ್ನು ಇಲ್ಲಿ ಬರೆದು ಹಾಕಿ. ಮುಂದೆ ಯಾವುದಕ್ಕೆ ಕೈ ಹಾಕಬೇಕೆಂದು ಆಗ ಹೇಳುತ್ತೇನೆ.