ಶನಿಯ ಬಳೆಯ ಚೂರುಗಳು ಪುಡಿಯಾಗಲ್ವಾ?

ಪ್ರಶ್ನೆ: ಶನಿಯ ಬಳೆಯ ಐಸ್ ಚೂರುಗಳು ಸೆಕೆಂಡಿಗೆ ಸುಮಾರು 20 ಕಿ.ಮೀ. ವೇಗದಲ್ಲಿ ಸುತ್ತುತ್ತವೆ ಎಂದು ಓದಿದೆ. ಡಿಕ್ಕಿ ಹೊಡೆದುಕೊಂಡು ಪುಡಿಯಾಗಲ್ವಾ ಸರ್? ಭೂಮಿ ಮೇಲೆ ಇದನ್ನು ಪರೀಕ್ಷೆ ಮಾಡೋಕೆ ಆಗುತ್ತಾ?
– 9ನೇ ತರಗತಿ ವಿದ್ಯಾರ್ಥಿನಿ, ಸೇಡಂ

ಉತ್ತರ: ನಿಮ್ಮೂರಿಂದ ಕಲಬುರಗಿಗೆ ತೊಗರಿ ತುಂಬಿದ ಎರಡು ಲಾರಿಗಳು ಅಕ್ಕಪಕ್ಕ, ಒಂದೇ ವೇಗದಲ್ಲಿ ಹೊರಟಿವೆ ಅಂದುಕೋ ತಂಗಿ. ಒಂದು ಸ್ವಲ್ಪ ವಾಲಿ ಇನ್ನೊಂದಕ್ಕೆ ಸವರಿದರೆ ಬಣ್ಣ ಕಿತ್ತೀತು, ಅಷ್ಟೇ. ಎದುರುಬದುರು ಬಂದರೆ ಮಾತ್ರ ಕಥೆ ಬೇರೆ. ಬಳೆಯ ಚೂರುಗಳೆಲ್ಲ ಒಂದೇ ದಿಕ್ಕಿಗೆ, ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಓಡುತ್ತವೆ. ಅವು ಒಂದಕ್ಕೊಂದು ತಾಗುವ ವೇಗ ಸೆಕೆಂಡಿಗೆ ಕೆಲವೇ ಮಿ.ಮೀ. ಇರುವೆ ಇದಕ್ಕಿಂತ ಜೋರಾಗಿ ನಡೆಯುತ್ತದೆ!

ಪರೀಕ್ಷೆ ಕಷ್ಟವಾಗುವುದೂ ಈ ನಿಧಾನದಿಂದಲೇ. ಮಾಳಿಗೆ ಮೇಲಿಂದ ಒಂದು ಗೋಲಿಯನ್ನು ಸೆಕೆಂಡಿಗೆ 1 ಮಿ.ಮೀ. ವೇಗದಲ್ಲಿ ಪಕ್ಕಕ್ಕೆ ಬಿಟ್ಟೆ ಅನ್ನು. ಅದು ಆ 1 ಮಿ.ಮೀ. ಸರಿಯುವಷ್ಟರಲ್ಲಿ ಸುಮಾರು 5 ಮೀಟರ್ ಕೆಳಗೆ ಬಿದ್ದಿರುತ್ತದೆ. ಇನ್ನು ಡಿಕ್ಕಿ ಎಲ್ಲಿಂದ ನೋಡೋದು?

ಉಪಾಯ ಏನಪ್ಪಾ ಅಂದ್ರೆ, ಗೋಲಿ, ಪೆಟ್ಟಿಗೆ, ಕ್ಯಾಮೆರಾ ಎಲ್ಲವನ್ನೂ ಒಟ್ಟಿಗೇ ಬೀಳಿಸುವುದು. ಆಗ ಕ್ಯಾಮೆರಾ ಕಣ್ಣಿಗೆ ಗೋಲಿಗಳು ತೇಲುತ್ತಿರುತ್ತವೆ. ಜರ್ಮನಿಯ ಬ್ರೆಮೆನ್‌ನಲ್ಲಿ ಇದಕ್ಕೆಂದೇ 146 ಮೀಟರ್ ಎತ್ತರದ ಗೋಪುರ ಇದೆ. ಒಳಗಿನ ಕೊಳವೆಯ ಗಾಳಿ ಹೊರತೆಗೆದು ಪೆಟ್ಟಿಗೆ ಬಿಟ್ಟರೆ 4.74 ಸೆಕೆಂಡು ಸಿಗುತ್ತದೆ. ತಳದಿಂದ ಮೇಲಕ್ಕೆ ಚಿಮ್ಮಿಸಿದರೆ, ಹೋಗಿ ಬರುವಷ್ಟರಲ್ಲಿ 9 ಸೆಕೆಂಡಿಗೂ ಜಾಸ್ತಿ. ಕೊನೆಗೆ ಅದು ಬೀಳುವುದು ಥರ್ಮೋಕೋಲ್ ಕಾಳು ತುಂಬಿದ ದೊಡ್ಡ ತೊಟ್ಟಿಗೆ. ಇಷ್ಟು ಖರ್ಚು ಮಾಡಿ ಬರೀ 9 ಸೆಕೆಂಡಾ ಅನ್ನಬೇಡ, ಆ ವಿಜ್ಞಾನಿಗಳಿಗೆ ಅದೇ ಹಬ್ಬ.

ಇನ್ನೂ ಜಾಸ್ತಿ ಹೊತ್ತು ಬೇಕಾದರೆ ಕಕ್ಷೆಗೇ ಹೋಗಬೇಕು, ಅಲ್ಲಿ ನೌಕೆ ಭೂಮಿಯ ಸುತ್ತ ಬೀಳುತ್ತಲೇ ಇರುತ್ತದೆ. 1998ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಸಣ್ಣ ಗುಂಡುಗಳನ್ನು ನುಣ್ಣನೆಯ ಪುಡಿಯ ಮೇಲೆ ನಿಧಾನಕ್ಕೆ ಹೊಡೆದು ನೋಡಿದರು. ಅವು ಪುಟಿದದ್ದು ಇಲ್ಲವೆನ್ನುವಷ್ಟು ಕಮ್ಮಿ, ವೇಗವನ್ನೆಲ್ಲ ಪುಡಿಯೇ ನುಂಗಿತ್ತು. ಶನಿಯ ಬಳೆಯಲ್ಲೂ ಪ್ರತಿ ಡಿಕ್ಕಿಗೆ ಇಷ್ಟಿಷ್ಟು ವೇಗ ಸೋರಿಹೋಗುತ್ತದೆ. ಲಕ್ಷಾಂತರ ಕಿ.ಮೀ. ವ್ಯಾಸದ ಬಳೆ ಬಹಳ ಕಡೆ ಹತ್ತಾರು ಮೀಟರ್ ದಪ್ಪಕ್ಕೆ ಚಪ್ಪಟೆಯಾಗಿ ಉಳಿದಿರುವುದು ಅದಕ್ಕೇ.

ದಾಲ್ ಮಿಲ್ ಒಳಗೆ ಹೋಗಿದ್ದೀಯಾ? ತೊಗರಿ ಕಾಳು ಗೋಡೆಗೆ ಬಡಿದು ಪುಟಿಯುತ್ತದೆ, ದೂಳು ಮಾತ್ರ ಅಲ್ಲೇ ಅಂಟಿಕೊಳ್ಳುತ್ತದೆ. ಗ್ರಹ ಹುಟ್ಟುವಾಗಲೂ ಹೀಗೇ. ದೂಳು ದೂಳಿಗೆ ಅಂಟುತ್ತದೆ, ಆದರೆ ಕಾಳಿನಷ್ಟು ದಪ್ಪ ಆದಮೇಲೆ ಪುಟಿಯಲು ಶುರು. ಅಲ್ಲಿಂದ ಬಂಡೆಯಾಗಿ ಬೆಳೆದದ್ದು ಹೇಗೆ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ನೀನೂ ಒಂದು ಪರೀಕ್ಷೆ ಮಾಡು. ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ತೂತು ಮಾಡಿ ನೀರು ತುಂಬು. ಮುಚ್ಚಳ ಹಾಕಬೇಡ. ತೂತಿನಿಂದ ನೀರು ಚಿಮ್ಮುತ್ತಿರುವಾಗಲೇ ಸ್ಟೂಲ್ ಮೇಲಿಂದ ಕೈಬಿಡು. ಬೀಳುವಷ್ಟು ಹೊತ್ತು ನೀರು ನಿಂತುಹೋಗುತ್ತದೆ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ಇಟ್ಟು ತೆಗಿ, ಮೊದಲ ಸಲ ಯಾರೂ ನಂಬೋದಿಲ್ಲ.